ನಾಲ್ಕು ಭಾಷೆಯ ಊರಲ್ಲಿ ಆರು ದಿನ

ಸಿಂಗಪುರಕ್ಕೆ ಹೋಗಿ ಬಂದೆ ಅಂದ ತಕ್ಷಣ ಹಾಸ್ಟೆಲ್‌ನಲ್ಲಿ ಕೇಳೋ ಪ್ರಶ್ನೆಗಳು ಮೂರೇ. ಮೆರ್‌ಲಯನ್ ಜೊತೆ ಫೋಟೋ ತೆಗೆಸ್ಕೊಂಡ್ಯಾ? ಚೂಯಿಂಗ್ ಗಮ್ ತಿಂದ್ರೆ ನಿಜವಾಗ್ಲೂ ಜೈಲಿಗೆ ಹಾಕ್ತಾರಾ? ಚಾಕೊಲೇಟ್ ಎಲ್ಲಿ?

ಮೊದಲು ಈ ಮೂರಕ್ಕೂ ಉತ್ತರ ಹೇಳಿಬಿಡ್ತೀನಿ. ಫೋಟೋ ತೆಗೆಸ್ಕೊಂಡೆ. ಬಾಯಿಂದ ಬರೋ ನೀರನ್ನ ಬೊಗಸೇಲಿ ಹಿಡಿಯೋ ಥರ ಎಲ್ಲರೂ ತೆಗೆಸ್ಕೊಳ್ಳೋ ಅದೇ ಫೋಟೋ. ಗಮ್ ಅಗಿದರೆ ಜೈಲಿಲ್ಲ. 1992ರಿಂದ ಅದರ ಆಮದು ಮತ್ತು ಮಾರಾಟಕ್ಕೆ ನಿಷೇಧ, ಅಷ್ಟೆ. ಚಾಕೊಲೇಟ್ ಮೊದಲನೇ ದಿನವೇ ನಮ್ಮ ರೂಮಲ್ಲಿ ಖಾಲಿಯಾಯ್ತು.

ಮೂರನೇ ಸೆಮ್ ಪರೀಕ್ಷೆ ಮುಗಿದು ನಾಲ್ಕನೇ ಸೆಮ್ ಶುರುವಾಗೋ ನಡುವೆ ಸಿಕ್ಕ ರಜೆಯಲ್ಲಿ ನಾನೂ ಅಮ್ಮನೂ ಹೋಗಿದ್ವಿ. ಅಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಚಿಕ್ಕಮ್ಮ, ಚಿಕ್ಕಪ್ಪ, ಅವರ ಮಗಳು. ಮಗಳಿಗೆ ಹತ್ತು ವರ್ಷ, ನಾಲ್ಕನೇ ಕ್ಲಾಸು. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತಾರೆ, ನಾನೂ ಇಲ್ಲಿ ಹಾಗೇ ಬರೀತೀನಿ. ಬೆಂಗಳೂರಿಂದ ವಿಮಾನದಲ್ಲಿ ನಾಲ್ಕೂವರೆ ಗಂಟೆ. ನಮ್ಮ ಗಡಿಯಾರಕ್ಕಿಂತ ಅಲ್ಲಿಯದು ಎರಡೂವರೆ ಗಂಟೆ ಮುಂದೆ.

ಈ ಗಡಿಯಾರದಲ್ಲೇ ಒಂದು ತಮಾಷೆ ಇದೆ. ಸಿಂಗಪುರ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 140 ಕಿಲೋಮೀಟರ್ ಅಷ್ಟೆ. ಹಾಗಾಗಿ ವರ್ಷಪೂರ್ತಿ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ. ಬೆಳಿಗ್ಗೆ ಆರಕ್ಕೆ ಬೆಳಕಾಗಿ ಸಂಜೆ ಆರಕ್ಕೆ ಕತ್ತಲಾಗಬೇಕು. ಆದ್ರೆ ಅಲ್ಲಿ ಎರಡೂ ಏಳು ಗಂಟೆಗೆ. ಊರು ಇರೋದು 104 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. 15ರಿಂದ ಭಾಗಿಸಿದರೆ ಗ್ರೀನಿಚ್‌ಗಿಂತ ಸುಮಾರು ಏಳು ಗಂಟೆ ಮುಂದೆ ಇರಬೇಕು. ಅವರು 1982ರಲ್ಲಿ ಮಲೇಷ್ಯಾದ ಜೊತೆಗೇ ಗಡಿಯಾರವನ್ನ ಎಂಟು ಗಂಟೆಗೆ ಸರಿಸಿದರು. ಬೇಕಾದ ಹಾಗೆ ಸೂರ್ಯನ ಟೈಮೂ ಬದಲಾಯಿಸ್ಕೊಂಡ ಊರು ಅಂತ ನಾನು ಅಮ್ಮನಿಗೆ ಹೇಳಿದೆ. "ಏಳಕ್ಕೆ ಬೆಳಕಾಗುತ್ತೆ ಅಂದ್ರೆ ನಿಂಗೆ ಒಳ್ಳೇದೇ ಆಯ್ತು ಬಿಡು," ಅಂದ್ರು ಅಮ್ಮ.

ನೋಡೋ ಜಾಗಗಳ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರ ರೀಲ್ಸ್‌ನಲ್ಲೂ ಇವೆ. ಮರೀನಾ ಬೇ ಸ್ಯಾಂಡ್ಸ್‌ನ ಮೂರು ಗೋಪುರಗಳ ಮೇಲೆ ಹಡಗು ಮಲಗಿಸಿದ ಹಾಗಿರೋ ಕಟ್ಟಡ. ಅದರ ಹಿಂದೆ ಗಾರ್ಡನ್ಸ್ ಬೈ ದ ಬೇನಲ್ಲಿ 25ರಿಂದ 50 ಮೀಟರ್ ಎತ್ತರದ ಉಕ್ಕಿನ ಮರಗಳು, ಮೈಮೇಲೆಲ್ಲ ನಿಜವಾದ ಗಿಡಬಳ್ಳಿ. ರಾತ್ರಿಯ ಲೈಟ್ ಶೋಗೆ ದುಡ್ಡಿಲ್ಲ, ನೆಲದ ಮೇಲೆ ಮಲಗಿಕೊಂಡು ನೋಡಿ. ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್‌ನಲ್ಲಿ ಗಾಜಿನ ಗುಮ್ಮಟದ ನಡುವಿಂದ ಬೀಳೋ 40 ಮೀಟರ್ ಜಲಪಾತ. ಕಟ್ಟಡದೊಳಗಿನ ಜಲಪಾತಗಳಲ್ಲಿ ಪ್ರಪಂಚದಲ್ಲೇ ಇದು ಎತ್ತರದ್ದು. ಅಮ್ಮ ಅದನ್ನ ಐದು ನಿಮಿಷ ನೋಡಿ, "ನಮ್ಮ ಜೋಗ ಎಷ್ಟು?" ಅಂದ್ರು. 253 ಮೀಟರ್ ಅಂದೆ. "ಹಂಗಾದ್ರೆ ಆರರಲ್ಲಿ ಒಂದು ಪಾಲು," ಅಂತ ಸಮಾಧಾನದಿಂದ ಮುಂದೆ ಹೋದ್ರು. ಡಾಲರನ್ನ ರೂಪಾಯಿ ಮಾಡಿ ಮಾಡಿ ಅಷ್ಟು ಹೊತ್ತಿಗೆ ಅವರ ಲೆಕ್ಕ ಬಹಳ ಚುರುಕಾಗಿತ್ತು.

ಮೆರ್‌ಲಯನ್ ಬಗ್ಗೆ ಮಾತ್ರ ಒಂದು ಮಾತು. ಸಿಂಹದ ತಲೆ, ಮೀನಿನ ಮೈ. ನೋಡಿದವರೆಲ್ಲ ಯಾವುದೋ ಪುರಾಣದ್ದು ಅಂದ್ಕೋತಾರೆ. ಅದು 1964ರಲ್ಲಿ ಪ್ರವಾಸೋದ್ಯಮ ಮಂಡಳಿಗಾಗಿ ಬರೆಸಿದ ಲಾಂಛನ. ಶಿಲ್ಪ ನಿಂತಿದ್ದು 1972ರಲ್ಲಿ. ಆದ್ರೆ ಊರಿನ ಹೆಸರು ನಿಜವಾಗಿಯೂ ಹಳೇದು. ಸಿಂಗಪುರ ಅಂದ್ರೆ ನಮ್ಮ ಸಿಂಹಪುರವೇ. ಒಬ್ಬ ಮಲಯ ರಾಜಕುಮಾರ ಇಲ್ಲಿ ಸಿಂಹ ಕಂಡ ಅನ್ನೋದು ಕಥೆ. ಈ ದ್ವೀಪದಲ್ಲಿ ಹುಲಿ ಇದ್ದವು, ಸಿಂಹ ಇರಲಿಲ್ಲ. ಇಲ್ಲದ ಪ್ರಾಣಿಯ ಹೆಸರು, ಅದೂ ಇಲ್ಲಿ ಯಾರೂ ಮನೆಯಲ್ಲಿ ಆಡದ ಸಂಸ್ಕೃತದಲ್ಲಿ. ಭಾಷೆ ವಿಷಯದಲ್ಲಿ ಈ ಊರು ಶುರುವಿಂದಲೇ ಹೀಗೆ.

ನನಗೆ ಅಲ್ಲಿ ಎಲ್ಲದಕ್ಕಿಂತ ಹೆಚ್ಚಾಗಿ ತಲೆಯಲ್ಲಿ ಉಳಿದಿದ್ದು ಭಾಷೆಯೇ. ಸಿಂಗಪುರಕ್ಕೆ ನಾಲ್ಕು ಅಧಿಕೃತ ಭಾಷೆ: ಇಂಗ್ಲಿಷ್, ಮ್ಯಾಂಡರಿನ್, ಮಲಯ, ತಮಿಳು. ಕೈಗೆ ಬಂದ ಮೊದಲ ನಾಣ್ಯದಲ್ಲೇ ದೇಶದ ಹೆಸರು ನಾಲ್ಕೂ ಭಾಷೆಯಲ್ಲಿ. ಮೆಟ್ರೋದಲ್ಲಿ ಎಚ್ಚರಿಕೆಯ ಬೋರ್ಡು ನಾಲ್ಕರಲ್ಲಿ. ಅಲ್ಲಿ ಭಾರತೀಯ ಮೂಲದವರು ನೂರಕ್ಕೆ ಒಂಬತ್ತು ಜನ ಅಷ್ಟೆ, ಆದ್ರೂ ನೋಟಿನ ಮೇಲೆ ತಮಿಳು ಇದೆ. ರಾಷ್ಟ್ರಗೀತೆ ಮಲಯ ಭಾಷೆಯಲ್ಲಿ. ಮುಕ್ಕಾಲು ಪಾಲು ಜನ ಚೀನೀ ಮೂಲದವರು, ಅವರೂ ಅದನ್ನೇ ಹಾಡ್ತಾರೆ. ಬೆಂಗಳೂರಲ್ಲಿ ಅಂಗಡಿ ಬೋರ್ಡಿನ ಜಗಳ ನೋಡಿ ಬೆಳೆದ ನನಗೆ ಮೊದಲ ಎರಡು ದಿನ ಇದೆಲ್ಲ ಎಷ್ಟು ಅಚ್ಚುಕಟ್ಟಾಗಿದೆ ಅನ್ನಿಸ್ತು.

ಚಿಕ್ಕಮ್ಮನ ಮನೆ ಸೆಂಗ್‌ಕಾಂಗ್‌ನಲ್ಲಿ. ಸರ್ಕಾರದ ಗೃಹಮಂಡಳಿ ಕಟ್ಟಿಸಿದ ಫ್ಲ್ಯಾಟು, ಅಲ್ಲಿ ಎಚ್‌ಡಿಬಿ ಅಂತಾರೆ. ಗೃಹಮಂಡಳಿ ಮನೆ ಅಂದ್ರೆ ನಮ್ಮ ತಲೆಗೆ ಬರೋ ಚಿತ್ರ ಬೇರೆ; ಅಲ್ಲಿ ಹತ್ತರಲ್ಲಿ ಎಂಟು ಜನ ಇಂಥ ಮನೆಗಳಲ್ಲೇ ಇರೋದು. ಕಟ್ಟಡದ ನೆಲಮಹಡಿ ಖಾಲಿ ಬಿಟ್ಟಿರ್ತಾರೆ. ಅಲ್ಲೇ ಮಲಯರ ಮದುವೆ, ಅಲ್ಲೇ ಚೀನೀಯರ ಸಾವಿನ ಶಾಸ್ತ್ರ, ಅಲ್ಲೇ ಅಜ್ಜಂದಿರ ಚದುರಂಗ. ಒಂದೊಂದು ಕಟ್ಟಡದಲ್ಲಿ ಯಾವ ಜನಾಂಗದವರು ಎಷ್ಟು ಮನೆ ಕೊಳ್ಳಬಹುದು ಅನ್ನೋದಕ್ಕೆ 1989ರಿಂದ ಮಿತಿ ಇದೆ. ಒಂದೇ ಜನ ಒಂದೇ ಕಡೆ ಗುಂಪಾಗಬಾರದು ಅಂತ. ಚಿಕ್ಕಮ್ಮನ ಕಾರಿಡಾರಿನಲ್ಲಿ ಎಡಗಡೆ ಚೀನೀ ಆಂಟಿ, ಬಲಗಡೆ ಒಂದು ಮಲಯ ಕುಟುಂಬ.

ಪುಟ್ಟಿ ನಮ್ಮನ್ನ ನೋಡಿ ಕುಣಿದಾಡಿದಳು. "ಅಣ್ಣಾ" ಅಂತ ಓಡಿ ಬಂದು ಕೈ ಹಿಡ್ಕೊಂಡಳು. ಆಮೇಲಿನ ಮಾತೆಲ್ಲ ಇಂಗ್ಲಿಷೇ. "ಊಟಕ್ಕೆ ಬಾ", "ಕಾಲು ತೊಳ್ಕೋ", "ಬೇಗ ಮಲಗು", ಇಷ್ಟು ಕನ್ನಡ ಅವಳಿಗೆ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ ಬರುತ್ತೆ. ಮನೆಯೊಳಗಿನ ಕನ್ನಡ ಎಲ್ಲ ಬರೀ ಆರ್ಡರ್‌ಗಳ ಕನ್ನಡ. ಇದು ನಮ್ಮಲ್ಲಿ ಎಷ್ಟೋ ಜನರ ಮನೆ ಕಥೆಯೂ ಹೌದು. ನಾನೂ ಇಂಗ್ಲಿಷ್ ಮೀಡಿಯಂನವನೇ, ಶಾಲೆಯಲ್ಲಿ ಎರಡನೇ ಭಾಷೆ ಹಿಂದಿ, ಮೂರನೇದು ಕನ್ನಡ. ಆದ್ರೆ ನನಗೆ ರಜೆ ಬಂದ್ರೆ ತಿಪಟೂರಲ್ಲಿ ಅಜ್ಜಿ ಇದ್ರು. ಎರಡು ತಿಂಗಳು ಅಲ್ಲಿ ಬಿಟ್ಟರೆ ಯಾವ ಮೀಡಿಯಮ್ಮೂ ನಿಲ್ಲಲ್ಲ. ಪುಟ್ಟಿಗೆ ಅಜ್ಜಿ ಅಂದ್ರೆ ಫೋನಿನ ಪರದೆಯಲ್ಲಿ ಅರ್ಧ ಹಣೆ, ಒಂದು ಕನ್ನಡಕ, ಮೇಲೆ ತಿರುಗೋ ಫ್ಯಾನು.

ಭಾನುವಾರ ಲಿಟಲ್ ಇಂಡಿಯಾಗೆ ಹೋದ್ವಿ. ಸೆರಂಗೂನ್ ರಸ್ತೆ ಪೂರ್ತಿ ಪೊಂಗಲ್ ದೀಪ, ಕಬ್ಬು, ಮಣ್ಣಿನ ಮಡಕೆ. ವೀರಮಾಕಾಳಿಯಮ್ಮನ ಗುಡಿ ಮುಂದೆ ಚಪ್ಪಲಿ ರಾಶಿ. ಅಲ್ಲೊಂದು ಬೀದಿಗೆ ಬಫಲೋ ರೋಡ್ ಅಂತಲೇ ಹೆಸರು, ಹಿಂದೆ ಅದು ದನಕರುಗಳ ವ್ಯಾಪಾರದ ಜಾಗ. ವಾರಕ್ಕೊಂದು ರಜೆ ಸಿಗೋ ಕಾರ್ಮಿಕರು ಅವತ್ತು ಅಲ್ಲಿ ಸೇರ್ತಾರೆ, ತಮಿಳುನಾಡಿನವರು, ಬಾಂಗ್ಲಾದೇಶದವರು. ಮೊಬೈಲ್ ರೀಚಾರ್ಜ್, ಮನೆಗೆ ದುಡ್ಡು ಕಳಿಸೋ ಕ್ಯೂ, ಹುಲ್ಲಿನ ಮೇಲೆ ಕೂತು ವೀಡಿಯೋ ಕಾಲ್.

ಟೆಕ್ಕಾ ಸೆಂಟರ್‌ನಲ್ಲಿ ಊಟಕ್ಕೆ ಜಾಗ ಸಿಗೋದು ಕಷ್ಟ. ಇಂಥ ಹಾಕರ್ ಸೆಂಟರ್‌ಗಳ ಊಟದ ಸಂಸ್ಕೃತಿಯನ್ನ 2020ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದೆ. ಅಲ್ಲಿ ಸೀಟು ಹಿಡಿಯೋ ಪದ್ಧತಿ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕೋದರ ತಮ್ಮ: ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇಟ್ಟರೆ ಮುಗೀತು, ಆ ಜಾಗ ನಿಮ್ಮದು. ನಾನೂ ಅಮ್ಮನೂ ಒಬ್ಬರು ಕೂತಿದ್ದ ಮೇಜಿಗೇ ಹೋಗಿ ಕೂತ್ವಿ. "ಮೊಸರನ್ನ ಸಿಗುತ್ತಾ ನೋಡೋ" ಅಂತ ಅಮ್ಮ ನನಗೆ ಹೇಳಿದ್ದೇ ತಡ, ಎದುರಿಗಿದ್ದವರು ತಲೆ ಎತ್ತಿದರು.

"ಕನ್ನಡದವರಾ ಅಕ್ಕ?"

ಅವರ ಊರು ತಾಳವಾಡಿ ಕಡೆ. ನಕ್ಷೆಯಲ್ಲಿ ತಮಿಳುನಾಡು, ಈರೋಡ್ ಜಿಲ್ಲೆ, ಚಾಮರಾಜನಗರ ಪಕ್ಕದಲ್ಲೇ. ಅಲ್ಲಿ ಮನೆಮನೆಯಲ್ಲಿ ಕನ್ನಡ. ಇಲ್ಲಿಗೆ ಬಂದು ಆರು ವರ್ಷ ಆಯ್ತಂತೆ. ಕಂಬಿ ಕಟ್ಟೋ ಕೆಲಸ, ಈಗ ಹೊಸ ಮೆಟ್ರೋ ಮಾರ್ಗದ ಸೈಟಿನಲ್ಲಿ. ನಾನು ಸಿವಿಲ್ ಓದ್ತಿದ್ದೀನಿ ಅಂದೆ. "ಹಂಗಾದ್ರೆ ನಮ್ಮೋನೇ ಬುಡು," ಅಂತ ನಕ್ಕರು. ಸೈಟಿನಲ್ಲಿ ಯಾವ ಭಾಷೆ ಅಂತ ಕೇಳಿದೆ. ಜೊತೆಯವರ ಹತ್ರ ತಮಿಳು, ಬಾಂಗ್ಲಾದವರ ಹತ್ರ ಹಿಂದಿ-ಬಂಗಾಳಿ ಕಲಸಿ, ಮೇಸ್ತ್ರಿ ಹತ್ರ ಇಂಗ್ಲಿಷು. "ಕನ್ನಡ ಭಾನುವಾರದ್ದು, ಮನೆಗೆ ಫೋನ್ ಮಾಡ್ದಾಗ," ಅಂದ್ರು.

ಅವರಿಗೆ ಕನ್ನಡ ಓದೋಕೆ ಬರಲ್ಲ. ಶಾಲೆ ತಮಿಳಿನದು. ಮಗಳು ಎರಡನೇ ಕ್ಲಾಸು, ಅವಳಿಗೂ ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್. "ಮತ್ತೆ ಮನೇಲಿ?" ಅಂತ ಅಮ್ಮ ಕೇಳಿದರು. "ಮನೇಲಿ ಕನ್ನಡ ಬುಟ್ರೆ ಅವಳು ನನ್ ಮ್ಯಾಲೆ ಯಾವುದ್ರಲ್ಲಿ ಮುನಿಸ್ಕೊಂಡಾಳು ಅಕ್ಕ? ಹೋದ ವಾರ ಮುನಿಸ್ಕೊಂಡು ಫೋನೇ ಎತ್ನಿಲ್ಲ." ಅದನ್ನ ಅವರು ಹೇಳಿದ ರೀತಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಜಾಸ್ತಿ ಇತ್ತು. ಊಟ ಮುಗಿಸಿ ತಟ್ಟೆ ತಾವೇ ಎತ್ತಿಕೊಂಡು ಹೋಗಿ ಇಟ್ಟರು, ಅಲ್ಲಿ ಅದು ಕಡ್ಡಾಯ. ಮರುದಿನ ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇನಲ್ಲಿ ಲಾರಿಯ ಹಿಂಭಾಗದಲ್ಲಿ ಕೂತು ಸೈಟಿಗೆ ಹೋಗೋ ಕಾರ್ಮಿಕರನ್ನ ನೋಡಿದಾಗ ಒಂದೊಂದು ಮುಖದಲ್ಲೂ ಅವರನ್ನ ಹುಡುಕಿದೆ. ಅಷ್ಟು ಕಾನೂನು ಇರೋ ಊರಲ್ಲಿ ಸೀಟು ಬೆಲ್ಟು ಇಲ್ಲದೆ ಲಾರಿ ಹಿಂದೆ ಜನ ಹೋಗೋದು ಹೇಗೆ ಅಂತ ಚಿಕ್ಕಪ್ಪನನ್ನ ಕೇಳಿದೆ. ಅದರ ಬಗ್ಗೆ ಅಲ್ಲೂ ಬಹಳ ವರ್ಷದಿಂದ ಚರ್ಚೆ ನಡೀತಿದೆಯಂತೆ.

ಸೋಮವಾರ ನನ್ನ ಹಟಕ್ಕೆ ಮರೀನಾ ಬ್ಯಾರೇಜ್‌ಗೆ ಹೋದ್ವಿ. ಸಿವಿಲ್‌ನವರು ಯಾರಾದರೂ ಹೋದರೆ ಇದನ್ನ ಬಿಡಬೇಡಿ. 2008ರಲ್ಲಿ ಶುರುವಾಗಿದ್ದು. ಸಮುದ್ರದ ಬಾಯಿಗೆ 350 ಮೀಟರ್ ಅಡ್ಡಗಟ್ಟೆ ಹಾಕಿ ಒಳಗಿನ ಉಪ್ಪುನೀರಿನ ಕೊಲ್ಲಿಯನ್ನೇ ಸಿಹಿನೀರಿನ ಜಲಾಶಯ ಮಾಡಿದ್ದಾರೆ. ದ್ವೀಪದ ಆರರಲ್ಲಿ ಒಂದು ಭಾಗದ ಮಳೆನೀರು ಇಲ್ಲಿಗೆ ಬರುತ್ತೆ. ಒಂಬತ್ತು ಗೇಟುಗಳಿವೆ. ಜೋರು ಮಳೆ ಬಂದು ಸಮುದ್ರದ ಮಟ್ಟ ಕೆಳಗಿದ್ದರೆ ಗೇಟು ತೆಗೆದು ನೀರು ಬಿಡ್ತಾರೆ. ಮಳೆ ಬಂದಾಗಲೇ ಉಬ್ಬರವೂ ಇದ್ದರೆ ಗೇಟು ತೆಗೆಯೋ ಹಾಗಿಲ್ಲ, ಸಮುದ್ರವೇ ಒಳಗೆ ಬರುತ್ತೆ. ಆಗ ಏಳು ಪಂಪುಗಳು ಸೆಕೆಂಡಿಗೆ ಒಟ್ಟು 280 ಘನ ಮೀಟರ್ ನೀರನ್ನ ಎತ್ತಿ ಹೊರಗೆ ಹಾಕಬಲ್ಲವು. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ನಮ್ಮ ಸೆಂಟ್ರಿಫ್ಯೂಗಲ್ ಪಂಪು ನೆನಪಾಗಿ ನಗು ಬಂತು. ಕಟ್ಟಡದ ಚಾವಣಿ ಮೇಲೆ ಹುಲ್ಲು, ಅಲ್ಲಿ ಮನೆಮಂದಿಯೆಲ್ಲ ಬಂದು ಗಾಳಿಪಟ ಹಾರಿಸ್ತಾರೆ.

ಇಷ್ಟೆಲ್ಲ ಯಾಕೆ ಅಂದ್ರೆ ನೀರಿಗೆ ಅವರು ಪಕ್ಕದ ದೇಶವನ್ನ ನಂಬಿದ್ದಾರೆ. 1962ರ ಒಪ್ಪಂದದ ಪ್ರಕಾರ ಮಲೇಷ್ಯಾದ ಜೊಹೋರ್ ನದಿಯಿಂದ ದಿನಕ್ಕೆ 250 ಮಿಲಿಯನ್ ಗ್ಯಾಲನ್ ತನಕ ತಗೋಬಹುದು. ಆ ಒಪ್ಪಂದ 2061ಕ್ಕೆ ಮುಗಿಯುತ್ತೆ. ಅಷ್ಟರೊಳಗೆ ತಮ್ಮ ನೀರು ತಾವೇ ಮಾಡ್ಕೊಳ್ಳೋಕೆ ಮಳೆನೀರು, ಸಮುದ್ರದ ನೀರು, ಬಳಸಿದ ನೀರಿನ ಶುದ್ಧೀಕರಣ ಎಲ್ಲ. ಪುಟ್ಟಿಗೆ ಇದೆಲ್ಲ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. 2061 ಅನ್ನೋದು ಅವಳಿಗೆ ಬಾಯಿಪಾಠ. ಆಗ ಅವಳಿಗೆ ನಲವತ್ತು ದಾಟಿರುತ್ತೆ.

ನೆಲವೂ ಅವರು ಮಾಡ್ಕೊಂಡಿದ್ದೇ. 1965ರಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ದೇಶ ಈಗ 730ಕ್ಕಿಂತ ಜಾಸ್ತಿ. ಬೀಚ್ ರೋಡ್ ಅಂತ ಒಂದು ರಸ್ತೆ ಇದೆ, ಬೀಚ್ ಇಲ್ಲ. ತೆಲೋಕ್ ಆಯರ್ ಬೀದಿ ಒಂದು ಕಾಲದಲ್ಲಿ ಸಮುದ್ರದ ದಂಡೆ. ಹಡಗಿನಿಂದ ಇಳಿದವರು ಬದುಕಿ ಬಂದೆವಲ್ಲ ಅಂತ ಕೈಮುಗಿಯೋಕೆ ಅಲ್ಲಿ ಕಟ್ಟಿದ ಗುಡಿಗಳಿವೆ. ಚೀನೀಯರ ಥಿಯಾನ್ ಹಾಕ್ ಕೆಂಗ್, ಅದೇ ಸಾಲಿನಲ್ಲಿ ದಕ್ಷಿಣ ಭಾರತದ ಮುಸ್ಲಿಮರು ಕಟ್ಟಿದ ನಾಗೂರು ದರ್ಗಾ. ಮಂಗಳವಾರ ಅಲ್ಲಿ ನಿಂತು ನೋಡಿದರೆ ಸಮುದ್ರ ಕಾಣಲ್ಲ, ನಡುವೆ ಪೂರ್ತಿ ಗಾಜಿನ ಆಫೀಸುಗಳು. ಗುಡಿ ಇದ್ದಲ್ಲೇ ಇದೆ, ದಂಡೆ ಮುಂದೆ ಹೋಗಿದೆ.

ಅವತ್ತು ಸಂಜೆ ಮನೆಗೆ ಬಂದಾಗ ಪುಟ್ಟಿ ಹೋಮ್‌ವರ್ಕ್ ಹಿಡ್ಕೊಂಡು ಕೂತಿದ್ದಳು. "ಅಣ್ಣಾ, ಯೂ ನೋ ಹಿಂದಿ, ರೈಟ್?" ವಿಷಯ: ನನ್ನ ಅಜ್ಜಿ. ಎಂಟು ವಾಕ್ಯ. ಹಿಂದಿಯಲ್ಲಿ.

ಹಿಂದಿ ಯಾಕೆ ಅಂತ ಕೇಳಿದಾಗ ಚಿಕ್ಕಮ್ಮ ಹೇಳಿದರು. ಅಲ್ಲಿ ಶಾಲೆಯಲ್ಲಿ ಪಾಠ ಎಲ್ಲ ಇಂಗ್ಲಿಷಲ್ಲಿ, ಜೊತೆಗೆ ಮಾತೃಭಾಷೆ ಅಂತ ಒಂದು ವಿಷಯ ಕಡ್ಡಾಯ. ಆರನೇ ಕ್ಲಾಸಿನ ದೊಡ್ಡ ಪರೀಕ್ಷೆಯಲ್ಲಿ ಅದಕ್ಕೂ ಅಂಕ ಇದೆ. ಚೀನೀ ಮಕ್ಕಳಿಗೆ ಮ್ಯಾಂಡರಿನ್, ಮಲಯ ಮಕ್ಕಳಿಗೆ ಮಲಯ, ಭಾರತೀಯರಿಗೆ ತಮಿಳು. ತಮಿಳು ಬೇಡದ ಭಾರತೀಯರಿಗೆ ಇನ್ನೂ ಐದು ಭಾಷೆ ಇದೆ: ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದು. ಪಟ್ಟಿಯಲ್ಲಿ ಕನ್ನಡ ಇಲ್ಲ. ತೆಲುಗು, ಮಲಯಾಳಂ ಕೂಡ ಇಲ್ಲ. ಹಾಗಾಗಿ ಪುಟ್ಟಿಯ ಮಾರ್ಕ್ಸ್ ಕಾರ್ಡಿನಲ್ಲಿ ಮಾತೃಭಾಷೆ ಅಂತ ಇರೋ ಜಾಗದಲ್ಲಿ ಹಿಂದಿ. ಅವಳ ತಾಯಿಗೆ ಹಿಂದಿ ಅಷ್ಟಕ್ಕಷ್ಟೇ. ತಾಯಿಯ ತಾಯಿಗೆ ಒಂದಕ್ಷರವೂ ಬರಲ್ಲ.

"ತಮಿಳು ತಗೊಂಡಿದ್ರೆ ನಮ್ಗೆ ಹತ್ರ ಆಗ್ತಿತ್ತಲ್ವೇನೇ?" ಅಂತ ಅಮ್ಮ ಕೇಳಿದರು.

"ಮನೇಲಿ ತಮಿಳು ಮಾತಾಡೋ ಮಕ್ಕಳ ಜೊತೆ ಇವಳು ಪರೀಕ್ಷೆ ಬರೀಬೇಕಾಗುತ್ತೆ ಅಕ್ಕ. ಹಿಂದಿ ಆದ್ರೆ ಮುಂದೆ ಇಂಡಿಯಾಗೆ ಬಂದ್ರೂ ಆಗುತ್ತೆ ಅಂತ." ಚಿಕ್ಕಮ್ಮ ಅಡುಗೆಮನೆ ಕಡೆ ನೋಡ್ಕೊಂಡು ಹೇಳಿದರು. ಅಲ್ಲಿ ಕನ್ನಡ ಸಂಘ ಇದೆ, ರಾಜ್ಯೋತ್ಸವಕ್ಕೆ ಹೋಗ್ತಾರೆ, ಪುಟ್ಟಿ ಒಂದು ಸಲ ಡ್ಯಾನ್ಸ್ ಮಾಡಿದ್ದಾಳೆ. ಆದ್ರೆ ವಾರದ ಎಲ್ಲ ದಿನವೂ ಹಿಂದಿ ಕ್ಲಾಸು, ಮ್ಯಾಥ್ಸ್ ಟ್ಯೂಷನ್ನು, ಈಜು. ಕನ್ನಡ ಕೂರಿಸೋಕೆ ಟೈಮ್‌ಟೇಬಲ್‌ನಲ್ಲಿ ಜಾಗ ಇಲ್ಲ. ನಾನು ಅದಕ್ಕೆ ಏನೂ ಹೇಳಲಿಲ್ಲ. ಹೇಳೋಕೆ ಸುಲಭ, ಅಲ್ಲಿ ಮಗು ಬೆಳೆಸ್ತಿರೋದು ನಾನಲ್ಲ.

ಪ್ರಬಂಧಕ್ಕೆ ವಿಷಯ ಬೇಕಲ್ಲ, ಅಜ್ಜಿಗೇ ಫೋನ್ ಹಚ್ಚಿದೆ. ಪುಟ್ಟಿ ಇಂಗ್ಲಿಷಲ್ಲಿ ಪ್ರಶ್ನೆ ಕೇಳೋದು, ನಾನು ಕನ್ನಡದಲ್ಲಿ ಅಜ್ಜಿಗೆ ದಾಟಿಸೋದು, ಅಜ್ಜಿಯ ಉತ್ತರವನ್ನ ಇಂಗ್ಲಿಷ್ ಮಾಡಿ ಇವಳಿಗೆ ಹೇಳೋದು, ಇವಳು ಅದನ್ನ ಹಿಂದಿಯಲ್ಲಿ ಬರ್ಕೊಳ್ಳೋದು.

ಅಜ್ಜಿಗೆ ಏನಿಷ್ಟ? "ಬಿಸಿ ಕಾಫಿ. ಎರಡು ಸಲ. ಮೂರನೇದು ನಿಮ್ಮಮ್ಮಂಗೆ ಹೇಳ್ಬೇಡ." ಅಜ್ಜಿಗೆ ಎಷ್ಟು ತೆಂಗಿನ ಮರ ಇದೆ? "ಇದ್ದಿದ್ದು ನಲವತ್ತು, ಈಗ ಮೂವತ್ತೊಂದು. ಉಳಿದವಕ್ಕೆ ರೋಗ ಬಂತು." ಸುಳಿಕೊಳೆ ರೋಗವನ್ನ ಹತ್ತು ವರ್ಷದವಳಿಗೆ ಇಂಗ್ಲಿಷಲ್ಲಿ ಹೇಗೆ ಹೇಳೋದೋ ಗೊತ್ತಾಗದೆ "ಸಿಕ್" ಅಂದೆ. ದಿನವೆಲ್ಲ ಅಜ್ಜಿ ಏನು ಮಾಡ್ತಾರೆ? ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನ್ ಮಾಡ್ತೀನಿ, ನಿನ್ ಫೋನ್ ಬರುತ್ತೇನೋ ಅಂತ ನೋಡ್ತಿರ್ತೀನಿ ಅಂತ ಹೇಳು" ಅಂದ್ರು. ನಾನು ಹೇಳಿದೆ. ಪುಟ್ಟಿ ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡಿದಳು. "ರಿಯಲಿ? ಎವ್ರಿ ಡೇ?"

ಬರೆದು ಮುಗಿದ ಮೇಲೆ ಅಜ್ಜಿ, "ಅದೇನು ಬರ್ದಿದಾಳೋ ಓದ್ಸು" ಅಂದ್ರು. ಪುಟ್ಟಿ ಎದ್ದು ನಿಂತು, ಶಾಲೆಯಲ್ಲಿ ಓದೋ ಹಾಗೆ, ಎಂಟೂ ವಾಕ್ಯ ಹಿಂದಿಯಲ್ಲಿ ಗಟ್ಟಿಯಾಗಿ ಓದಿದಳು. ಅಜ್ಜಿ ಪೂರ್ತಿ ಕೇಳಿಸ್ಕೊಂಡರು. "ಚೆನ್ನಾಗಿದೆ ಕಣಮ್ಮ. ಅರ್ಥ ಆಗ್ಲಿಲ್ಲ. ಗಂಟಲು ಮಾತ್ರ ನಿಮ್ಮಮ್ಮಂದೇ."

ಚಿಕ್ಕಮ್ಮ ಆಗ ಬಟ್ಟೆ ತರೋಕೆ ಅಂತ ಎದ್ದು ಹೋದರು. ಬಟ್ಟೆ ಬೆಳಿಗ್ಗೆಯೇ ಒಳಗೆ ತಂದಿದ್ದರು.

ಮರುದಿನ ಸಂಕ್ರಾಂತಿ. ಅಮ್ಮನ ಸೂಟ್‌ಕೇಸಿನಲ್ಲಿ ಮೂರು ಕೆಜಿ ಎಳ್ಳು-ಬೆಲ್ಲ ಬಂದಿತ್ತು. ಕೊಬ್ಬರಿ ಅಜ್ಜಿಯ ಮರದ್ದೇ, ಸಣ್ಣಗೆ ಹೆಚ್ಚಿ ಒಣಗಿಸಿ ಕಳಿಸಿದ್ದರು. ಬೆಲ್ಲದ ಚೂರು, ಹುರಿಗಡಲೆ, ಕಡಲೆಬೀಜ, ಬಿಳಿ ಎಳ್ಳು. ಸಕ್ಕರೆ ಅಚ್ಚು ದಾರಿಯಲ್ಲಿ ಮುರಿದು ಆನೆಗೆ ಸೊಂಡಿಲಿರಲಿಲ್ಲ. ಪುಟ್ಟಿ ಶಾಲೆಯಿಂದ ಬಂದ ಮೇಲೆ ರೇಷ್ಮೆ ಲಂಗ ಹಾಕಿಸಿ, ಅಮ್ಮ ಅವಳ ಕೈಗೆ ತಟ್ಟೆ ಕೊಟ್ಟು ಅಕ್ಕಪಕ್ಕದ ಮನೆಗೆ ಎಳ್ಳು ಬೀರೋಕೆ ಕರ್ಕೊಂಡು ಹೋಗು ಅಂತ ನನಗೆ ಹೇಳಿದರು. ಕೊಡುವಾಗ ಏನು ಹೇಳಬೇಕು ಅಂತ ಪುಟ್ಟಿ ಕೇಳಿದಳು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು." ಲಿಫ್ಟಿನ ಮುಂದೆ ನಿಂತು ಹತ್ತು ಸಲ ಹೇಳ್ಕೊಂಡಳು. ಳಕಾರ ಬರೋದಕ್ಕೆ ಆರು ಸಲ ಬೇಕಾಯ್ತು.

ಚೀನೀ ಆಂಟಿಗೆ ಎಪ್ಪತ್ತು ದಾಟಿದೆ. ಬಾಗಿಲು ತೆಗೆದ ಕೂಡಲೇ ಪುಟ್ಟಿ ಒಂದೇ ಉಸಿರಿಗೆ ಹೇಳಿಬಿಟ್ಟಳು, ಕನ್ನಡದಲ್ಲೇ. ಆಂಟಿಗೆ ಏನೂ ತಿಳೀಲಿಲ್ಲ. ಆಮೇಲೆ ಇಂಗ್ಲಿಷಲ್ಲಿ ಅರ್ಥ ಹೇಳಿದಳು: ಇದನ್ನ ತಿನ್ನಬೇಕು, ಆಮೇಲೆ ಒಳ್ಳೆ ಮಾತೇ ಆಡಬೇಕು. ಆಂಟಿ ಜೋರಾಗಿ ನಕ್ಕು, "ಕ್ಯಾನ್, ಕ್ಯಾನ್!" ಅಂದ್ರು. ಅಲ್ಲಿಯ ಇಂಗ್ಲಿಷ್ ನನಗೆ ಬಹಳ ಇಷ್ಟ ಆಯ್ತು. ನಾವು "ಆಗುತ್ತಾ?" "ಆಗುತ್ತೆ" ಅಂತ ಒಂದೇ ಪದದಲ್ಲಿ ಮುಗಿಸೋ ಹಾಗೆ ಅವರು "ಕ್ಯಾನ್?" "ಕ್ಯಾನ್" ಅಂತಾರೆ. ನಾವು ಕೊನೇಲಿ "ಕಣೋ" ಸೇರಿಸೋ ಹಾಗೆ ಅವರು "ಲಾ" ಸೇರಿಸ್ತಾರೆ.

ಆಂಟಿ ಎರಡು ಕಿತ್ತಳೆ ತಂದು ಪುಟ್ಟಿ ತಟ್ಟೆಯಲ್ಲಿಟ್ಟರು. ಅವರ ಹೊಸ ವರ್ಷ ಹತ್ತಿರ ಬಂದಿತ್ತು, ಕಿತ್ತಳೆಯನ್ನ ಜೋಡಿಯಾಗೇ ಕೊಡಬೇಕು. ಬಾಗಿಲಲ್ಲೇ ನಿಂತು ಮಾತಾಡಿದರು. ಅವರ ಮನೆಮಾತು ಹೊಕ್ಕಿಯನ್. ಚೀನಾದ ದಕ್ಷಿಣದಿಂದ ಬಂದವರು ಹೊಕ್ಕಿಯನ್, ಟಿಯೋಚೂ, ಕ್ಯಾಂಟೋನೀಸ್ ಹೀಗೆ ಬೇರೆಬೇರೆ ಮಾತಾಡ್ತಿದ್ರು. 1979ರಲ್ಲಿ ಸರ್ಕಾರ ಎಲ್ಲರೂ ಮ್ಯಾಂಡರಿನ್ ಮಾತಾಡಿ ಅಂತ ದೊಡ್ಡ ಆಂದೋಲನ ಶುರು ಮಾಡಿತು. ಮಕ್ಕಳಿಗೆ ಶಾಲೆಯಲ್ಲಿ ಮ್ಯಾಂಡರಿನ್, ಮನೆಯಲ್ಲೂ ಅದೇ ಮಾತಾಡಿ ಅಂದರು. ಆಂಟಿಯ ಮಕ್ಕಳಿಗೆ ಹೊಕ್ಕಿಯನ್ ಅರ್ಥ ಆಗುತ್ತೆ. ಮೊಮ್ಮಕ್ಕಳಿಗೆ ಅದೂ ಇಲ್ಲ. "ಮೈ ಮದರ್ ಆಲ್ಸೋ ಡೋಂಟ್ ನೋ ಮ್ಯಾಂಡರಿನ್ ಲಾ," ಅಂತ ಪುಟ್ಟಿ ಕೆನ್ನೆ ಹಿಂಡಿದರು. ಅಂದ್ರೆ ಆಂಟಿಯ ತಾಯಿಗೂ ತಮ್ಮ ಮರಿಮಕ್ಕಳ 'ಮಾತೃಭಾಷೆ' ಗೊತ್ತಿರಲಿಲ್ಲ.

ಆ ನಾಲ್ಕು ಭಾಷೆಯ ನಾಣ್ಯ ನನ್ನ ಜೇಬಲ್ಲೇ ಇತ್ತು. ಅದರ ಮೇಲೆ ಜಾಗ ಸಿಕ್ಕವು ನಾಲ್ಕು. ಆ ನಾಲ್ಕನ್ನ ಹಾಗೆ ಕೂರಿಸಿದ್ದರಿಂದ ಅಲ್ಲಿ ಯಾರೂ ಯಾರ ಮೇಲೂ ತಮ್ಮ ಭಾಷೆ ಹೇರೋ ಹಾಗಿಲ್ಲ, ಅದು ಸಣ್ಣ ಸಾಧನೆ ಅಲ್ಲ. ಹೊಕ್ಕಿಯನ್‌ಗೆ, ಕನ್ನಡಕ್ಕೆ ಅಲ್ಲಿ ಜಾಗ ಸಿಗಲಿಲ್ಲ ಅನ್ನೋದೂ ನಿಜ. ಕನ್ನಡಕ್ಕೇನು, ತನ್ನ ಊರಿದೆ, ಕೋಟ್ಯಂತರ ಜನ ಇದ್ದಾರೆ. ಆದ್ರೆ ಒಂದು ಮನೆಯೊಳಗೆ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಭಾಷೆ ಇಲ್ಲದೆ ಹೋದರೆ ಹೊರಗೆ ಎಷ್ಟು ಕೋಟಿ ಇದ್ದೂ ಆ ಇಬ್ಬರಿಗೆ ಪ್ರಯೋಜನ ಇಲ್ಲ. ತಾಳವಾಡಿಯವರಿಗೆ ಲಿಪಿ ಗೊತ್ತಿಲ್ಲ, ಮಗಳು ಮುನಿಸ್ಕೊಳ್ಳೋದು ಮಾತ್ರ ಕನ್ನಡದಲ್ಲಿ. ನನಗೆ ಲಿಪಿ ಗೊತ್ತು, ಈ ಲೇಖನ ಟೈಪ್ ಮಾಡೋಕೆ ಒಂದು ವಾರ ಹಿಡೀತು. ಯಾರ ಕನ್ನಡ ಜಾಸ್ತಿ ಅಂತ ಕೇಳಿದ್ರೆ ನಾನು ಅವರ ಕಡೆಗೇ ವೋಟು ಹಾಕ್ತೀನಿ.

ಗುರುವಾರ ಹೊರಡುವಾಗ ಪುಟ್ಟಿ ಒಂದು ಪ್ರಶ್ನೆ ಕೇಳಿದಳು. ಅಜ್ಜಿ ಪ್ರಬಂಧಕ್ಕೆ ಟೀಚರ್ ಹತ್ತಕ್ಕೆ ಎಂಟು ಕೊಟ್ಟರೆ ಅದು ಅಜ್ಜಿಗೆ ಗೊತ್ತಾಗೋದು ಹೇಗೆ? ನಾನು ಹೇಳ್ತೀನಿ ಅಂದೆ. "ನೋ, ಐ ವಿಲ್ ಟೆಲ್," ಅಂದಳು. ಸರಿ, ಎಂಟು ಅನ್ನೋದಕ್ಕೆ ಏನಂತಾರೆ ಗೊತ್ತಾ? ಗೊತ್ತಿರಲಿಲ್ಲ. ಏರ್‌ಪೋರ್ಟ್‌ಗೆ ಹೋಗೋ ದಾರಿಯಲ್ಲಿ ಒಂದರಿಂದ ಹತ್ತು ಕಲಿತಳು.

ಅವಳಿಗೆ ಸಿಕ್ಕಿದ್ದು ಏಳು. ಅದೂ ಗೊತ್ತಿತ್ತು.

ಈಗ ಭಾನುವಾರ ಸಂಜೆ ಹಾಸ್ಟೆಲ್‌ನಿಂದ ನಾನು ಮೂರು ಜನರ ಕಾಲ್ ಮಾಡ್ತೀನಿ: ತಿಪಟೂರು, ಸೆಂಗ್‌ಕಾಂಗ್, ನಾನು. ಹತ್ತೇ ನಿಮಿಷ, ಆಮೇಲೆ ಅವಳಿಗೆ ಮಲಗೋ ಹೊತ್ತು. ಅಜ್ಜಿ ಮರದ ಸುದ್ದಿ, ಎಮ್ಮೆ ಸುದ್ದಿ, ಪಕ್ಕದ ಮನೆಯವರ ಮದುವೆ ಸುದ್ದಿ ಹೇಳ್ತಾರೆ. ಪುಟ್ಟಿ ಹೆಚ್ಚು ಅಂದ್ರೆ "ಹೂಂ", "ಆಮೇಲೆ?", "ಯಾಕೆ?" ಅಂತಾಳೆ. ಅಜ್ಜಿ ಕಥೆಗೆ ಅಷ್ಟು ಸಾಕಂತೆ. ಸಿಗದ ಪದ ಬಂದಾಗ ಇಬ್ಬರೂ ನನ್ನನ್ನ ಕರೀತಾರೆ. ಮೊದಲ ವಾರ ನಾನು ಬಾಯಿ ಮುಚ್ಚಿದ್ದೇ ಇಲ್ಲ. ಕಳೆದ ಭಾನುವಾರ ಹತ್ತು ನಿಮಿಷದಲ್ಲಿ ನನ್ನನ್ನ ಕರೆದಿದ್ದು ನಾಲ್ಕು ಸಲ.